ಮೇಜಿನ ಮೇಲೆ ಒಂದೇ ಟ್ರೇ

ಚರ್ಚಿನ ಸಭೆಯಲ್ಲಿ ಎಲ್ಲರೂ ಅವನನ್ನು ಆಮೆನ್ ಅಣ್ಣ ಎಂದೇ ಕರೆಯುತ್ತಿದ್ದರು. ಪಾಸ್ಟರ್ ಪ್ರಾರ್ಥನೆ ಮುಗಿಸುವ ಹೊತ್ತಿಗೆ, ಕೊನೆಯ ಮಾತು ಇನ್ನೂ ಅವರ ನಾಲಿಗೆಯ ಮೇಲಿರುವಾಗಲೇ, ಎರಡನೇ ಬೆಂಚಿನಿಂದ ಒಂದು ತುಂಬುಕಂಠದ ಆಮೆನ್ ಹೊರಟುಬಿಡುತ್ತಿತ್ತು. ಹಿಂದೆ ತೂಕಡಿಸುತ್ತಿದ್ದವರಿಗೆ ಎಚ್ಚರವಾಗುತ್ತಿದ್ದದ್ದೇ ಅದರಿಂದ. ಹೆಸರಿಟ್ಟವರ ಮನಸ್ಸಿನಲ್ಲಿ ತಮಾಷೆ ಇತ್ತೋ ಗೌರವ ಇತ್ತೋ, ಅವನಂತೂ ಗೌರವವೆಂದೇ ತಿಳಿದಿದ್ದ.

ಪ್ರಾರ್ಥನೆಗೆಂದೇ ಅವನ ಬಳಿ ಬೇರೆ ದನಿಯಿತ್ತು. ಮನೆಯಲ್ಲಿ "ಟವೆಲ್ ಎಲ್ಲಿ" ಎಂದು ಕೇಳುವ ದನಿ ಬೇರೆ, ದೇವರನ್ನು ಮಾತಾಡಿಸುವ ದನಿ ಬೇರೆ. ಎರಡನೆಯದು ಎದೆಯ ಆಳದಿಂದ, ಸ್ವಲ್ಪ ನಡುಗುತ್ತ, ಅಲ್ಲಲ್ಲಿ ನಿಂತು ನಿಂತು ಬರುತ್ತಿತ್ತು. ಹದಿನೆಂಟು ವರ್ಷದಿಂದ ಎರಡನ್ನೂ ಕೇಳಿಕೊಂಡು ಬಂದಿದ್ದ ಹೆಂಡತಿ ಒಮ್ಮೆ ಊಟಕ್ಕೆ ಕೂತಾಗ ಕೇಳಿಯೇಬಿಟ್ಟಿದ್ದಳು: "ರೀ, ನಿಮ್ಮ ಮಾಮೂಲಿ ದನಿ ದೇವರಿಗೆ ಕೇಳಿಸಲ್ವಾ?" ಅವನು ಎರಡು ದಿನ ಮುಖ ಊದಿಸಿಕೊಂಡು ತಿರುಗಿದ.

ಹೊಟ್ಟೆಪಾಡಿಗೆ ಅವನು ಹಲ್ಲು ಮಾಡುತ್ತಿದ್ದ. ಹಲ್ಲಿನ ಡಾಕ್ಟರುಗಳು ರೋಗಿಯ ಬಾಯಿಯ ಅಚ್ಚು ತೆಗೆದು ಕಳಿಸುತ್ತಾರಲ್ಲ, ಅದನ್ನು ಹಿಡಿದು ಹಲ್ಲಿನ ಸೆಟ್ಟು ತಯಾರಿಸುವ ಒಂದು ಲ್ಯಾಬಿನಲ್ಲಿ ಅವನೇ ಹಿರಿಯ ಕೆಲಸಗಾರ. ಮೇಣದ ಮೇಲೆ ಒಂದೊಂದೇ ಹಲ್ಲು ಕೂರಿಸಿ, ಒಸಡಿನ ಬಣ್ಣ ಹೊಂದಿಸಿ, ಕೊನೆಗೆ ತಿರುಗುವ ಚಕ್ರಕ್ಕೆ ಹಿಡಿದು ಫಳಫಳ ಹೊಳೆಯಿಸುವುದರಲ್ಲಿ ಅವನನ್ನು ಮೀರಿಸಿದವರಿರಲಿಲ್ಲ. ಕೈಕೆಲಸದಲ್ಲಿ ಅವನು ಗಟ್ಟಿಗ, ಅದರಲ್ಲಿ ಎರಡು ಮಾತಿಲ್ಲ.

ಇಂಥವನನ್ನು ಪಾಸ್ಟರ ಜೊತೆ ಸಭೆ ನೋಡಿಕೊಳ್ಳುವ ಹಿರಿಯನನ್ನಾಗಿ ಮಾಡುವುದೆಂದು ತೀರ್ಮಾನವಾಯಿತು. ಅವನಿಗೆ ಇಪ್ಪತ್ತು ವರ್ಷದ ಆಸೆ. ಆಸೆಯಿದೆಯೆಂದು ಯಾರಿಗೂ ಹೇಳಿಕೊಂಡಿರಲಿಲ್ಲ, ಎಲ್ಲರಿಗೂ ಗೊತ್ತಿತ್ತು.

ಆ ಸಭೆಯಲ್ಲಿ ಹಿಂದಿನಿಂದ ಬಂದ ಒಂದು ಪದ್ಧತಿಯಿದೆ. ಹಿರಿಯನಾಗುವವನ ಹೆಸರನ್ನು ಮೂರು ಭಾನುವಾರ ಓದುತ್ತಾರೆ. ಆತ ಪಾಸ್ಟರ ಪಕ್ಕದಲ್ಲಿ ಜನರಿಗೆ ಮುಖ ಮಾಡಿ ನಿಲ್ಲಬೇಕು. "ಇವರ ನಡತೆಯ ವಿಷಯದಲ್ಲಿ ಯಾರಿಗಾದರೂ ಹೇಳುವುದಿದ್ದರೆ ಎದ್ದು ನಿಂತು ಹೇಳಲಿ" ಎಂದು ಕೇಳಿ ಪಾಸ್ಟರ್ ಕೈಗಡಿಯಾರ ನೋಡುತ್ತ ಪೂರ್ತಿ ಒಂದು ನಿಮಿಷ ಸುಮ್ಮನಿರುತ್ತಾರೆ. ಯಾರೂ ಎದ್ದ ನೆನಪು ಯಾರಿಗೂ ಇಲ್ಲ. ಆ ನಿಮಿಷದಲ್ಲಿ ಜನ ಮಧ್ಯಾಹ್ನದ ಅಡುಗೆಯ ಯೋಚನೆ ಮಾಡುತ್ತಾರೆ.

ಮೊದಲ ಭಾನುವಾರ ಪಾಸ್ಟರು ಹೆಸರು ಓದಿ ತಮ್ಮದೂ ಒಂದು ಮಾತು ಸೇರಿಸಿದರು. "ನಮ್ಮ ಸಹೋದರರು ಒಳಗೂ ಹೊರಗೂ ಒಂದೇ." ಆಮೆನ್ ಅಣ್ಣ ತಲೆ ತಗ್ಗಿಸಿ ನಿಂತ. ವಿನಯಕ್ಕೆ ಎಷ್ಟು ತಗ್ಗಿಸಬೇಕೋ ಅಷ್ಟೇ ತಗ್ಗಿಸಿದ್ದ. ಆಮೇಲೆ ಮೆಲ್ಲಗೆ ಕಣ್ಣೆತ್ತಿದರೆ ಕೊನೆಯ ಬೆಂಚಿನಲ್ಲಿ, ಕಿಟಕಿಯ ಪಕ್ಕ, ಪ್ಲಾಸ್ಟರ್ ಅಕ್ಕ ಕೂತು ಅವನನ್ನೇ ನೋಡುತ್ತಿದ್ದಳು. ಅವನ ತಲೆ ಮತ್ತೆ ತಗ್ಗಿತು, ಈ ಸಲ ಅಳತೆ ನೋಡದೆ.

ಪ್ಲಾಸ್ಟರ್ ಅಕ್ಕನ ವಿಷಯ ಹೇಳಬೇಕು. ಎರಡು ವರ್ಷದ ಹಿಂದಿನವರೆಗೆ ಅವಳು ಅದೇ ಲ್ಯಾಬಿನಲ್ಲಿದ್ದಳು. ಡಾಕ್ಟರ ಕಡೆಯಿಂದ ಬಂದ ಅಚ್ಚಿಗೆ ಪ್ಲಾಸ್ಟರ್ ಕಲಸಿ ಹೊಯ್ದು, ಅದು ಗಟ್ಟಿಯಾದ ಮೇಲೆ ಬಿಡಿಸಿ, ಹಾಗೆ ಸಿಕ್ಕ ದವಡೆಯ ತಳದಲ್ಲಿ ಚಾಕುವಿನ ಮೊನೆಯಿಂದ ರೋಗಿಯ ನಂಬರು ಗೀರುವುದು ಅವಳ ಕೆಲಸ. ಆ ದವಡೆ ಅವನ ಮೇಜಿಗೆ ಬಂದಾಗ ಅವನು ತಳವನ್ನು ಯಂತ್ರದಲ್ಲಿ ಸವರಿ ಸಮ ಮಾಡುತ್ತಿದ್ದ. ಸವರಿದರೆ ಅವಳು ಗೀರಿದ ನಂಬರೂ ಸವೆದು ಹೋಗುತ್ತದೆ. ಕೂಡಲೇ ಅದೇ ನಂಬರನ್ನು ಪೆನ್ಸಿಲಿನಲ್ಲಿ ಮತ್ತೆ ಬರೆದೇ ಬೇರೆಯದನ್ನು ಮುಟ್ಟಬೇಕು. ಒಬ್ಬೊಬ್ಬ ರೋಗಿಯ ದವಡೆ ಒಂದೊಂದು ಟ್ರೇಯಲ್ಲಿ ಬರುತ್ತಿತ್ತು, ಅದಕ್ಕೇ ಲ್ಯಾಬಿನ ಗೋಡೆಯ ಮೇಲೆ ಕೆಂಪಕ್ಷರದ ಬೋರ್ಡು: ಮೇಜಿನ ಮೇಲೆ ಒಂದೇ ಟ್ರೇ. ಆ ಬೋರ್ಡು ಬರೆಸಿದವನೂ ಆಮೆನ್ ಅಣ್ಣನೇ. ಹೊಸಬರು ಎರಡು ಟ್ರೇ ಇಟ್ಟುಕೊಂಡರೆ ಅರ್ಧ ಗಂಟೆ ಉಪದೇಶ ಮಾಡುತ್ತಿದ್ದ.

ಒಂದು ದಿನ ಸಂಜೆ ಪ್ರಾರ್ಥನಾ ಕೂಟಕ್ಕೆ ಹೊತ್ತಾಗಿತ್ತು. ಅಂದು ಮುನ್ನಡೆಸುವವನು ಅವನೇ, ತಡವಾಗಿ ಹೋದರೆ ಮರ್ಯಾದೆ ಏನಾದೀತು? ಬೇಗ ಮುಗಿಯಲೆಂದು ಎರಡು ಟ್ರೇ ಒಟ್ಟಿಗೆ ಎಳೆದುಕೊಂಡ. ಎರಡೂ ಕೆಳದವಡೆ, ಹೆಚ್ಚುಕಡಿಮೆ ಒಂದೇ ಅಳತೆಯವು. ಎರಡನ್ನೂ ಸವರಿ, ಊದಿ, ಪೆನ್ಸಿಲು ತೆಗೆದುಕೊಂಡು ನಂಬರು ಬರೆದ. ಇದರದು ಅದಕ್ಕೆ, ಅದರದು ಇದಕ್ಕೆ.

ಒಬ್ಬರ ಸೆಟ್ಟು ಇನ್ನೊಬ್ಬರಿಗೆ ಹೋಯಿತು. ಅವರಲ್ಲಿ ಒಬ್ಬಳು ಒಂಟಿ ಅಜ್ಜಿ. ಹೊಸ ಹಲ್ಲೆಂದರೆ ಸ್ವಲ್ಪ ದಿನ ನೋವು ಇದ್ದದ್ದೇ ಎಂದು ಯಾರೋ ಹೇಳಿದ್ದನ್ನು ನಂಬಿ ಮೂರು ವಾರ ತುಟಿ ಪಿಟಕ್ಕೆನ್ನದೆ ಹಾಕಿಕೊಂಡಳು. ಡಾಕ್ಟರು ನೋಡುವ ಹೊತ್ತಿಗೆ ಒಸಡು ಹುಣ್ಣಾಗಿ, ಕೀವು ತುಂಬಿ, ಅಜ್ಜಿ ಅರ್ಧಕ್ಕರ್ಧ ಇಳಿದುಹೋಗಿದ್ದಳು. ಆಮೇಲೆ ಅವಳ ಬಾಯಿಗೆ ಯಾವ ಸೆಟ್ಟೂ ಕೂರಲಿಲ್ಲ.

ಮಾಲೀಕ ಕೆಂಡವಾದ. ದವಡೆಗಳನ್ನು ತೆಗೆದು ನೋಡೋಣವೆಂದರೆ ಅವು ಇಲ್ಲ, ಸೆಟ್ಟು ತಯಾರಾದ ಮೇಲೆ ಪ್ಲಾಸ್ಟರನ್ನು ಒಡೆದೇ ಅದನ್ನು ಹೊರಗೆ ತೆಗೆಯಬೇಕು. "ನಂಬರ್ ಹಾಕೋರು ಯಾರು?" ಎಂದು ಮಾಲೀಕ ಕೇಳಿದ. ಆಮೆನ್ ಅಣ್ಣನಿಗೆ ಅಷ್ಟರಲ್ಲೇ ಆ ಸಂಜೆಯ ಎರಡು ಟ್ರೇ ನೆನಪಾಗಿತ್ತು. ಆದರೂ ಶಾಂತವಾಗಿ ಹೇಳಿದ: "ನಂಬರ್ ಹಾಕೋದು ಪ್ಲಾಸ್ಟರ್ ಅಕ್ಕನ ಕೆಲಸ ಸಾರ್."

ಇದರಲ್ಲಿ ಸುಳ್ಳೆಲ್ಲಿದೆ? ಎರಡು ವರ್ಷದಿಂದ ಅವನು ತನ್ನನ್ನು ತಾನು ಕೇಳಿಕೊಳ್ಳುತ್ತಿದ್ದ ಪ್ರಶ್ನೆ ಇದೇ, ಕೊಟ್ಟುಕೊಳ್ಳುತ್ತಿದ್ದ ಉತ್ತರವೂ ಒಂದೇ. ಅವಳ ಕೆಲಸವನ್ನು ಅವಳ ಕೆಲಸವೆಂದ, ಅಷ್ಟೇ. ಪ್ಲಾಸ್ಟರ್ ಅಕ್ಕ ಬಿಳಿ ಮೆತ್ತಿದ ತನ್ನ ಎರಡು ಕೈ ನೋಡಿಕೊಂಡು ನಿಂತಿದ್ದಳು, ಬಾಯಿ ಬಿಡಲಿಲ್ಲ. ಮರುದಿನದಿಂದ ಕೆಲಸಕ್ಕೆ ಬರುವುದು ಬೇಡವೆಂದರು. ಈಗ ಅವಳು ಒಂದು ಆಸ್ಪತ್ರೆಯ ಬಟ್ಟೆ ಒಗೆಯುವ ಕೋಣೆಯಲ್ಲಿ ಹಾಸಿಗೆ ಬಟ್ಟೆ ಮಡಚುತ್ತಾಳೆ.

ಮೊದಲಿಂದಲೂ ಅವಳು ಭಕ್ತೆ ಅನ್ನಿಸಿಕೊಳ್ಳುವ ಪೈಕಿಯಲ್ಲ. ಆರಾಧನೆಗೆ ತಡವಾಗಿ ಬರುತ್ತಾಳೆ, ತಲೆ ನೆಟ್ಟಗೆ ಬಾಚಿರುವುದಿಲ್ಲ, ಪ್ರಾರ್ಥನೆಗೆ ಕಣ್ಣು ಮುಚ್ಚುವುದಿಲ್ಲ, ಹಾಡಿದರೆ ಪಕ್ಕದವರು ರಾಗ ತಪ್ಪುತ್ತಾರೆ. ಕೆಲಸ ಹೋದಮೇಲೆ ಇನ್ನೊಂದು ಸೇರಿತು. ಯೇಸುವಿನ ನೆನಪಿಗೆ ನಡೆಯುವ ಕರ್ತನ ಭೋಜನದ ದಿನ ಎಲ್ಲರೂ ರೊಟ್ಟಿ ದ್ರಾಕ್ಷಾರಸಕ್ಕೆಂದು ಸಾಲಾಗಿ ಎದ್ದರೆ ಅವಳು ಕಂಬದಂತೆ ಕೂತೇ ಇರುತ್ತಿದ್ದಳು. ಮನಸ್ಸು ಶುದ್ಧವಿಲ್ಲದವರು ಆ ರೊಟ್ಟಿ ಮುಟ್ಟಬಾರದೆಂಬುದು ಅಲ್ಲಿನ ನಂಬಿಕೆ. ಮನಸ್ಸಿನಲ್ಲಿ ದ್ವೇಷ ಇಟ್ಟುಕೊಂಡವಳು ಹೇಗೆ ತಾನೇ ಏಳುತ್ತಾಳೆ ಎಂದು ಆಮೆನ್ ಅಣ್ಣ ಮರುಗುತ್ತಿದ್ದ. ಅವಳಿಗಾಗಿ ಒಂದೆರಡು ಸಲ ಪ್ರಾರ್ಥಿಸಿಯೂ ಇದ್ದ, ಆ ಬೇರೆ ದನಿಯಲ್ಲಿ.

ಈಗ ಆ ಒಂದು ನಿಮಿಷವೇ ಅವನ ಕುತ್ತಿಗೆಗೆ ಬಂತು. ಮೊದಲ ಭಾನುವಾರ ಅವಳು ಏಳಲಿಲ್ಲ. ಇನ್ನು ಎರಡು ಉಳಿದವು. ಅವಳೊಬ್ಬಳು ಎದ್ದು ಸವರುವ ಯಂತ್ರದ ವಿಷಯ ಎತ್ತಿದರೆ ಸಾಕು, ಮುಗಿಯಿತು ಕಥೆ. ಅವಳು ಲ್ಯಾಬಿನವಳು, ಅವಳಿಗೆ ಎಲ್ಲ ಗೊತ್ತಿರಲೇಬೇಕು.

ಆ ವಾರ ಅವನು ಕಾಲು ಸುಟ್ಟ ಬೆಕ್ಕಿನಂತೆ ಮನೆಯೆಲ್ಲ ಓಡಾಡಿದ. ಲ್ಯಾಬಿನಲ್ಲಿ ಮೇಲ್ದವಡೆಯ ಹಲ್ಲನ್ನು ಕೆಳದವಡೆಗೆ ಕೂರಿಸಲು ಹೋಗಿ ನಾಲಿಗೆ ಕಚ್ಚಿಕೊಂಡ. ಹೆಂಡತಿ ಕೇಳಿದಳು, "ಏನ್ರೀ, ಹಿರಿಯರಾಗ್ತಿದ್ದೀರೋ ಪರೀಕ್ಷೆಗೆ ಕೂರ್ತಿದ್ದೀರೋ?"

"ಜವಾಬ್ದಾರಿ ಕಣೇ. ನಿನಗೇನು ಗೊತ್ತು."

"ನನಗೇನೂ ಗೊತ್ತಿಲ್ಲಪ್ಪ," ಎಂದು ಅವಳು ಅವನ ಬಿಳಿ ಅಂಗಿಗೆ ಇಸ್ತ್ರಿ ಹಾಕಿದಳು. ಆ ಅಂಗಿಗೆ ಆ ವಾರ ಅದು ಮೂರನೇ ಇಸ್ತ್ರಿ.

ಎರಡನೇ ಭಾನುವಾರವೂ ಯಾರೂ ಏಳಲಿಲ್ಲ. ಪ್ಲಾಸ್ಟರ್ ಅಕ್ಕ ಮತ್ತೆ ಅವನನ್ನೇ ನೋಡುತ್ತಿದ್ದಳು. ಅದು ಎಂಥ ನೋಟವೆಂದು ಅವನಿಗೆ ಬಗೆಹರಿಯಲಿಲ್ಲ. ಸಿಟ್ಟಾಗಿದ್ದರೆ ಗೊತ್ತಾಗುತ್ತಿತ್ತು, ಸಿಟ್ಟಿಗೆ ಉತ್ತರ ಕೊಡುವುದು ಅವನಿಗೆ ಬರುತ್ತಿತ್ತು. ಹೊರಗೆ ಬಂದಾಗ ಇಬ್ಬರು ಹೆಂಗಸರು ಮಾತಾಡಿಕೊಳ್ಳುವುದು ಕಿವಿಗೆ ಬಿತ್ತು: ಪ್ಲಾಸ್ಟರ್ ಅಕ್ಕ ಪ್ರತಿ ಶನಿವಾರ ಯಾವುದೋ ಅಜ್ಜಿಯ ಮನೆಗೆ ಹೋಗುತ್ತಾಳಂತೆ, ಆ ಅಜ್ಜಿಗೆ ಹಲ್ಲಿಲ್ಲವಂತೆ, ಅನ್ನ ಕಿವುಚಿ ಗಂಜಿ ಮಾಡಿ ತಿನ್ನಿಸಿ ಬರುತ್ತಾಳಂತೆ.

ಅವನು ಬೇರೆಯೇ ಲೆಕ್ಕ ಹಾಕಿದ. ಇವಳು ಸಾಕ್ಷಿ ಸಿದ್ಧ ಮಾಡುತ್ತಿದ್ದಾಳೆ! ಮೂರನೇ ಭಾನುವಾರ ಅಜ್ಜಿಯನ್ನು ಕೈ ಹಿಡಿದು ಕರೆತಂದು, ಬಾಯಿ ತೆರೆಸಿ ತೋರಿಸಿಬಿಟ್ಟರೆ? ಮನೆ ಸೇರುವಷ್ಟರಲ್ಲಿ ಅವನ ತಲೆಯೊಳಗೆ ಅಜ್ಜಿ ಬಂದಾಗಿತ್ತು, ಬಾಯಿ ತೆರೆದೂ ಆಗಿತ್ತು.

ಗುರುವಾರ ಕೆಲಸ ಮುಗಿಸಿ ನೇರ ಅವಳ ಮನೆಗೆ ಹೋದ, ಕೈಯಲ್ಲಿ ಒಂದು ಚೀಲ ಕಿತ್ತಳೆ ಹಣ್ಣು. ಅವಳದು ಎರಡನೇ ಮಹಡಿಯಲ್ಲಿ ಒಂದೇ ಕೋಣೆ. ಒಳಗೆ ಕುರ್ಚಿಯ ಮೇಲೆ ಮಡಚಿದ ಬಟ್ಟೆ, ಮಂಚದ ಮೇಲೂ ಮಡಚಿದ ಬಟ್ಟೆ. ಅವಳು ಕುರ್ಚಿ ಖಾಲಿ ಮಾಡಿಕೊಟ್ಟು ತಾನು ನಿಂತೇ ಇದ್ದಳು.

"ಏನಿಲ್ಲ ಅಕ್ಕಾ, ಸುಮ್ನೆ ನೋಡ್ಕೊಂಡು ಹೋಗೋಣ ಅಂತ ಬಂದೆ," ಎಂದ. ದನಿ ತಾನಾಗಿಯೇ ಎದೆಯ ಆಳಕ್ಕೆ ಇಳಿದಿತ್ತು.

"ಬನ್ನಿ ಅಣ್ಣಾ. ಹಿರಿಯರಾಗ್ತಿದ್ದೀರಿ, ಸಂತೋಷ."

"ನಿಮ್ಮ ಮನಸ್ಸಲ್ಲಿ ಏನಾದ್ರೂ ಇದ್ರೆ ನನ್ನ ಹತ್ರ ಹೇಳಿಬಿಡಿ. ಹಳೇದು. ಲ್ಯಾಬಿಂದು."

ಅವಳ ಮುಖ ಸಣ್ಣದಾಯಿತು. ಕಿಟಕಿಯ ಕಡೆ ತಿರುಗಿದಳು. "ಅದನ್ನ ಎತ್ತಬೇಡಿ ಅಣ್ಣಾ. ನೆನೆಸ್ಕೊಂಡ್ರೆ ನನಗೆ ಈಗ್ಲೂ ಅನ್ನ ಇಳಿಯಲ್ಲ."

"ಅಂದ್ರೆ... ಭಾನುವಾರ..."

"ನಿಮ್ಮಂಥೋರ ಬಗ್ಗೆ ನಾನೇನು ಹೇಳ್ಲಿ," ಎಂದಳು. "ಮಾತಾಡೋ ಮುಖ ಇದ್ದಿದ್ರೆ ಅವತ್ತೇ ಬಾಯಿ ಬಿಡ್ತಿದ್ದೆ."

ಇಷ್ಟು ಸಾಕಾಗಬೇಕಿತ್ತು. ಆದರೆ ಕಳ್ಳನ ಕಿವಿಗೆ ಯಾವ ಮಾತು ನೆಟ್ಟಗೆ ಬಿದ್ದೀತು? ಮೆಟ್ಟಿಲು ಇಳಿಯುವಾಗಲೇ ಅವನು ಆ ಮಾತುಗಳನ್ನು ಹಿಂಜತೊಡಗಿದ. ನಿಮ್ಮಂಥೋರು ಎಂದರೆ? ಅವತ್ತೇ ಬಿಡುತ್ತಿದ್ದೆ ಎಂದರೆ ಇವತ್ತು ಬಿಡುತ್ತಾಳೆ ಎಂದೋ, ಬಿಡುವುದಿಲ್ಲ ಎಂದೋ? ಬಸ್ಸಿನಲ್ಲಿ ತನ್ನ ನಿಲ್ದಾಣ ದಾಟಿ ಎರಡು ನಿಲ್ದಾಣ ಮುಂದೆ ಹೋದ. ನಡೆದು ವಾಪಸು ಬರುವಾಗ ಒಂದು ಉಪಾಯ ಹೊಳೆಯಿತು. ಅವಳು ಎದ್ದರೆ ಬಾಯಿ ತೆರೆಯುವ ಮೊದಲೇ ತಾನೇ ಮಾತಾಡಿಬಿಡಬೇಕು. ಕೋಪದಿಂದಲ್ಲ, ಪ್ರೀತಿಯಿಂದ. ಸಹೋದರಿಯ ಮನಸ್ಸು ನೊಂದಿದೆ ಎಂದು ಶುರು ಮಾಡಿದರೆ ಆಮೇಲೆ ಅವಳು ಏನು ಹೇಳಿದರೂ ಅದು ನೊಂದ ಮನಸ್ಸಿನ ಮಾತಾಗುತ್ತದೆ. ಶುಕ್ರವಾರವೂ ಶನಿವಾರವೂ ಸ್ನಾನದ ಕೋಣೆಯಲ್ಲಿ ನಲ್ಲಿ ಬಿಟ್ಟುಕೊಂಡು ಅದನ್ನೇ ಅಭ್ಯಾಸ ಮಾಡಿದ. ಹೊರಗಿನಿಂದ ಹೆಂಡತಿ ಬಾಗಿಲು ತಟ್ಟಿ, "ಒಳಗೆ ಯಾರಿದ್ದಾರ್ರೀ ನಿಮ್ಮ ಜೊತೆ?" ಎಂದಳು.

ಮೂರನೇ ಭಾನುವಾರ ಗಾಳಿ ಜೋರಿತ್ತು. ಅಂದು ಕರ್ತನ ಭೋಜನವೂ ಇದ್ದುದರಿಂದ ಮುಂದಿನ ಮೇಜಿನ ಮೇಲೆ ಬಿಳಿ ಬಟ್ಟೆ ಮುಚ್ಚಿಟ್ಟಿದ್ದರು, ಅದರ ಅಂಚು ಗಾಳಿಗೆ ಏಳುತ್ತಿತ್ತು. ಹಿಂದಿನ ಒಂದು ಕಿಟಕಿಯ ಕೊಂಡಿ ಕಳಚಿ ಪಟಪಟ ಬಡಿದುಕೊಳ್ಳುತ್ತಿತ್ತು. ಪಾಸ್ಟರು ಹೆಸರು ಓದಿದರು, ಕೇಳಬೇಕಾದ್ದನ್ನು ಕೇಳಿದರು, ಕೈಗಡಿಯಾರದತ್ತ ಕಣ್ಣಿಟ್ಟರು. ಆಮೆನ್ ಅಣ್ಣ ಇಸ್ತ್ರಿಯ ಗೆರೆ ಮುರಿಯದ ಅಂಗಿಯಲ್ಲಿ ಜನರಿಗೆ ಮುಖ ಮಾಡಿ ನಿಂತ. ಕೊನೆಯ ಬೆಂಚಿನಲ್ಲಿ ಅವಳೊಬ್ಬಳೇ ಇದ್ದಳು. ಅಜ್ಜಿ ಬಂದಿರಲಿಲ್ಲ. ಅವನು ಮನಸ್ಸಿನಲ್ಲೇ ಎಣಿಸತೊಡಗಿದ. ಹತ್ತು. ಇಪ್ಪತ್ತು. ಮೂವತ್ತೈದರಲ್ಲಿ ಸ್ವಲ್ಪ ಉಸಿರು ಬಿಟ್ಟ.

ನಲವತ್ತರ ಹೊತ್ತಿಗೆ ಪ್ಲಾಸ್ಟರ್ ಅಕ್ಕ ಎದ್ದು ನಿಂತಳು.

"ಸಹೋದರಿಯ ಮನಸ್ಸು ನೊಂದಿದೆ," ಎಂದುಬಿಟ್ಟ ಆಮೆನ್ ಅಣ್ಣ. ಆಳದ ದನಿ, ಬೇಕಾದಷ್ಟೇ ನಡುಕ. ಎಲ್ಲರ ತಲೆ ಮೇಲೆದ್ದಿತು. "ಅದು ನನಗೆ ಗೊತ್ತು. ಅವರು ಏನೇ ಹೇಳಿದ್ರೂ ನನಗೆ ಬೇಸರ ಇಲ್ಲ. ಆದ್ರೆ ಅವತ್ತು ನಾನು ಒಂದೇ ಒಂದು ಸುಳ್ಳು ಹೇಳಿಲ್ಲ. ನಂಬರ್ ಹಾಕೋದು ಅವರ ಕೆಲಸಾನೇ. ಮಾಲೀಕರು ಕೇಳಿದ್ರು, ಇದ್ದದ್ದು ಹೇಳಿದೆ. ಅವರ ಕೆಲಸ ಹೋಗಿದ್ದಕ್ಕಾಗಲಿ, ಆ ಅಜ್ಜಿಯ ಬಾಯಿಗಾಗಲಿ ನಾನು ಕಾರಣ ಅಲ್ಲ."

ಅಷ್ಟರಲ್ಲಿ ಅವಳು ಎರಡು ಹೆಜ್ಜೆ ನಡೆದು ಬಡಿದುಕೊಳ್ಳುತ್ತಿದ್ದ ಕಿಟಕಿಯ ಬಾಗಿಲು ಹಿಡಿದಿದ್ದಳು. ಕೊಂಡಿಯ ಮೇಲೆ ಕೈಯಿಟ್ಟು ಹಾಗೇ ತಿರುಗಿ ನೋಡಿದಳು.

"ನಾನು ಕಿಟಕಿ ಹಾಕೋಕೆ ಎದ್ದೆ ಅಣ್ಣಾ."

ಯಾರೋ ಕಿಸಕ್ಕೆಂದು ನಕ್ಕು ಅಲ್ಲೇ ನುಂಗಿಕೊಂಡರು. ಎರಡನೇ ಬೆಂಚಿನಲ್ಲಿದ್ದ ಅವನ ಹೆಂಡತಿ ನಗಲಿಲ್ಲ. ಗಂಡನ ಮುಖವನ್ನು ಮೊದಲ ಸಲ ಕಂಡವಳಂತೆ ನೋಡುತ್ತಿದ್ದಳು. ಪಾಸ್ಟರು ಕೈಗಡಿಯಾರ ಬಿಟ್ಟು ಅವನ ಕಡೆ ತಿರುಗಿದರು. "ಯಾವ ಅಜ್ಜಿ? ಯಾವ ನಂಬರು?"

ತಪ್ಪಿಸಿಕೊಳ್ಳಲು ದಾರಿ ಇತ್ತು. ಲ್ಯಾಬಿನ ಏನೋ ಹಳೇ ವಿಷಯ, ಬಿಡಿ ಪಾಸ್ಟರ್, ಎಂದಿದ್ದರೆ ಸಾಕಿತ್ತು. ಜನ ಮಧ್ಯಾಹ್ನದ ಅಡುಗೆಯ ಯೋಚನೆಗೆ ಮರಳುತ್ತಿದ್ದರು. ಹಾಗೆ ಹೇಳಲೆಂದೇ ಬಾಯಿ ತೆರೆದ. ಆಳದ ದನಿಗಾಗಿ ತಡಕಾಡಿದ, ಅದು ಸಿಗಲಿಲ್ಲ. ಅವನಿಗೆ ನಾಚಿಕೆಯಾಯಿತು. ಯಾರಿಗೋ ಗೊತ್ತಾಯಿತೆಂದು ಆದ ನಾಚಿಕೆಯಲ್ಲ, ಯಾರಿಗೂ ಇನ್ನೂ ಏನೂ ಗೊತ್ತಾಗಿರಲಿಲ್ಲ. ಒಬ್ಬ ಹೆಂಗಸು ಕಿಟಕಿ ಮುಚ್ಚಲು ಎದ್ದರೆ ಅವಳ ಬಾಯಿ ಮುಚ್ಚಿಸಲು ತಾನು ಎಷ್ಟು ಚೆನ್ನಾಗಿ ತಯಾರಾಗಿ ಬಂದಿದ್ದೆ ಎಂದು ಆದ ನಾಚಿಕೆ. ಕೊನೆಗೆ ಬಾಯಿಂದ ಹೊರಬಂದದ್ದು ಟವೆಲ್ ಕೇಳುವ ದನಿ.

"ಒಂದು ಅಜ್ಜಿಗೆ ಬೇರೆಯವರ ಹಲ್ಲು ಹೋಯ್ತು. ನಂಬರ್ ಅದಲು ಬದಲು ಮಾಡಿದ್ದು ನಾನು," ಎಂದ. "ಪ್ರಾರ್ಥನಾ ಕೂಟಕ್ಕೆ ಹೊತ್ತಾಗಿತ್ತು. ಎರಡು ಟ್ರೇ ಒಟ್ಟಿಗೆ ಇಟ್ಕೊಂಡೆ. ಅಕ್ಕ ಗೀರಿದ್ದ ನಂಬರನ್ನ ಸವರಿ ಹಾಕಿದ್ದು ನಾನು, ಪೆನ್ಸಿಲಲ್ಲಿ ತಪ್ಪು ಬರೆದದ್ದೂ ನಾನು. ಮಾಲೀಕರು ಕೇಳಿದಾಗ್ಲೇ ನನಗೆ ಗೊತ್ತಿತ್ತು. ಅವರ ಹೆಸರು ಹೇಳಿ ಸುಮ್ಮನಾದೆ."

ಇನ್ನೂ ಏನೋ ಸೇರಿಸಬೇಕೆನ್ನಿಸಿತು, ಕ್ಷಮೆಯ ಮಾತು, ದೇವರ ಮಾತು. ಸೇರಿಸಲಿಲ್ಲ. ಈಗ ಅವಳು ಬೈಯಬಹುದು, ಬೈಯಲಿ ಎಂದುಕೊಂಡು ಹಿಂದಿನ ಬೆಂಚಿನತ್ತ ನೋಡಿದ.

ಪ್ಲಾಸ್ಟರ್ ಅಕ್ಕ ಕೊಂಡಿ ಬಿಟ್ಟಿರಲಿಲ್ಲ.

"ಹಾಗಾದ್ರೆ ನಾನು ಸರಿಯಾಗೇ ಹಾಕಿದ್ನಾ?"

ಅವನಿಗೆ ತಕ್ಷಣ ಅರ್ಥವಾಗಲಿಲ್ಲ. "ಏನು ಅಕ್ಕಾ?"

"ನಂಬರು. ನಾನು ಸರಿಯಾಗಿ ಹಾಕಿದ್ನಾ?"

"ಸರಿಯಾಗೇ ಹಾಕಿದ್ರಿ."

"ಎರಡೂ?"

"ಎರಡೂ ಅಕ್ಕಾ."

ಅವಳು ಬೆಂಚಿನ ಅಂಚು ಹಿಡಿದು ಕೂತಳು. ಸಭೆಗೆ ಹೇಳುತ್ತಿದ್ದಾಳೋ ತನಗೇ ಹೇಳಿಕೊಳ್ಳುತ್ತಿದ್ದಾಳೋ ತಿಳಿಯದಂತೆ ಮೆಲ್ಲಗೆ ಮಾತಾಡಿದಳು. "ಸರಿಯಾಗಿ ಗೀರಿದ ನೆನಪು ನನಗೆ ಇತ್ತು. ಕೈಗೆ ನೆನಪಿತ್ತು. ಆದ್ರೆ ಅಣ್ಣ ಒಂದೇ ಟ್ರೇ ಇಡೋರು, ಬೋರ್ಡು ಬರೆಸಿದೋರು, ಅವರು ತಪ್ಪು ಮಾಡೋರಲ್ಲ, ನಾನೇ ಎಲ್ಲೋ ಮೈಮರೆತು ಮಾಡಿದ್ದೀನಿ ಅಂದ್ಕೊಂಡೆ. ಆ ಅಜ್ಜಿ ಬಾಯಿ ಹಾಳು ಮಾಡಿದ ಕೈಯಲ್ಲಿ ರೊಟ್ಟಿ ಹೇಗೆ ತಗೊಳ್ಳೋದು ಅಂತ ಎರಡು ವರ್ಷದಿಂದ ಏಳ್ಲಿಲ್ಲ."

ಆಮೆನ್ ಅಣ್ಣ ಅಲ್ಲೇ ನಿಂತಿದ್ದ. ದ್ವೇಷ ಇಟ್ಟುಕೊಂಡವಳೆಂದು ತಾನು ಮರುಗಿದ್ದು, ಅವಳಿಗಾಗಿ ದನಿ ಬದಲಿಸಿ ಬೇಡಿದ್ದು, ಎಲ್ಲ ಒಟ್ಟಿಗೆ ನೆನಪಾಯಿತು. ಗುರುವಾರ ಅವಳು ಹೇಳಿದ್ದು ಅಷ್ಟೂ ನಿಜವಾಗಿತ್ತು, ಅದರಲ್ಲಿ ಒಂದು ಕೊಂಕೂ ಇರಲಿಲ್ಲ. ಅವನನ್ನು ನಂಬಿದಷ್ಟು ಅವಳು ತನ್ನ ಕೈಯನ್ನೇ ನಂಬಿರಲಿಲ್ಲ.

ಹೆಸರು ಬರೆದಿದ್ದ ಹಾಳೆಯನ್ನು ಪಾಸ್ಟರು ಮಡಚಿ ಜೇಬಿಗಿಟ್ಟುಕೊಂಡರು. ಆಮೇಲೆ ಅವನ ಭುಜ ಮುಟ್ಟಿ ಬೆಂಚು ತೋರಿಸಿದರು. ಅವನು ಹೋಗಿ ಬೆಂಚಿನ ತುದಿಯಲ್ಲಿ ಕೂತ. ಹೆಂಡತಿ ಸರಿದು ಜಾಗ ಮಾಡಿಕೊಟ್ಟಳು.

"ಪಾಸ್ಟರ್," ಎಂದಳು ಹಿಂದಿನಿಂದ ಪ್ಲಾಸ್ಟರ್ ಅಕ್ಕ, "ಇವತ್ತು ನಾನು ಬರಬಹುದಾ?"

ಪಾಸ್ಟರು ಬರಲು ಕೈಸನ್ನೆ ಮಾಡಿದರು.

ಜನ ಸಾಲಾಗಿ ಎದ್ದರು. ಆಮೆನ್ ಅಣ್ಣ ಏಳಲಿಲ್ಲ. ಅವಳು ಬಾಚದ ತಲೆಯಲ್ಲಿ, ಚಪ್ಪಲಿ ಎಳೆಯುತ್ತ ಎಲ್ಲರ ಹಿಂದೆ ಹೋಗಿ ಎರಡೂ ಅಂಗೈ ಚಾಚಿ ರೊಟ್ಟಿ ತೆಗೆದುಕೊಂಡಳು. ವಾಪಸು ಬರುವಾಗ ಎರಡನೇ ಬೆಂಚಿನ ಪಕ್ಕ ನಿಂತಳು. ಕಣ್ಣು ಕೆಂಪಾಗಿತ್ತು. ಅವಳಿಗೆ ಸಿಟ್ಟು ಬಂದಿತ್ತು, ಈಗಲಾದರೂ ಬಂದಿತ್ತು.

"ಶನಿವಾರ ಅಜ್ಜಿ ಮನೆಗೆ ಬನ್ನಿ," ಎಂದಳು. "ಎರಡು ವರ್ಷ ನಾನು ಅವರ ಹತ್ರ ತಪ್ಪಾಯ್ತು ತಪ್ಪಾಯ್ತು ಅಂತಿದ್ದೀನಿ. ಅದು ನನ್ನ ತಪ್ಪಲ್ಲ ಅಂತ ನಾನು ಹೇಳಲ್ಲ. ನೀವು ಹೇಳಿ."

"ಬರ್ತೀನಿ ಅಕ್ಕಾ."

"ಗಂಜಿ ಮಾಡೋಕೆ ಬರುತ್ತಾ?"

"ಬರಲ್ಲ."

"ಹತ್ತು ಗಂಟೆಗೆ ಬನ್ನಿ. ಕಲಿಸ್ತೀನಿ," ಎಂದು ಅವಳು ತನ್ನ ಬೆಂಚಿಗೆ ಹೋದಳು.